ಹಿಂದಿನ ಸೀಟಿನ ಕಾಟ

"ಎಡಕ್ಕೆ ಅಂದೆ, ಎಡಕ್ಕೆ! ಕಿವಿ ಕೇಳಿಸುತ್ತೋ ಇಲ್ವೋ?"

ಅವನು ಸರಕ್ಕನೆ ತಿರುಗಿಸಿದ. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದ. ಒಣ ಗಾಜಿನ ಮೇಲೆ ಅದು ಕಿರ್ರೆಂದಿತು. ಹಿಂದಿನ ಸೀಟಿನಲ್ಲಿ ಅವಳು ಹಣೆ ಚಚ್ಚಿಕೊಂಡಳು.

ಅರ್ಧ ಗಂಟೆಯಿಂದ ಇದೇ ಗೋಳು. ಎ.ಸಿ. ಹಾಕಿದರೆ ಚಳಿ, ಕಿಟಕಿ ಇಳಿಸಿದರೆ ಧೂಳು. ಜೋರಾಗಿ ಹೋದರೆ "ಸಾಯಿಸ್ತೀರಾ?", ನಿಧಾನವಾದರೆ "ಇದೇನು ಎತ್ತಿನ ಗಾಡಿನಾ?" ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೆಂಗಸರು ಹುಟ್ಟುವಾಗಲೇ ಲೈಸೆನ್ಸ್ ಹಿಡಿದುಕೊಂಡು ಬರುತ್ತಾರೋ ಏನೋ!

"ಅಷ್ಟು ಅವಸರ ಇದ್ರೆ ಇಳಿದು ಟ್ಯಾಕ್ಸಿ ಹಿಡೀಬಹುದಲ್ಲ?" ಹಲ್ಲು ಕಚ್ಚಿಕೊಂಡು ಮತ್ತೊಮ್ಮೆ ಕೇಳಿದ.

"ಈ ಟ್ರಾಫಿಕ್ಕಲ್ಲಾ? ಅಮ್ಮನ್ನ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋಗೋ ಮುಂಚೆ ನಾನು ಮುಖ ತೋರಿಸಬೇಕು. ಗಂಡಸರಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ? ಅಂಗಡಿ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ ಸಿಗರೇಟು ಸೇದಬೇಕು! ಅಲ್ಲಿ ಅವಳು ನನ್ನ ದಾರಿ ಕಾಯ್ತಿರ್ತಾಳೆ." ದನಿ ಒಡೆಯಿತು. ಮರುಕ್ಷಣವೇ ಮತ್ತೆ ಏರಿತು. "ಇನ್ನೊಂದು ಸಲ ನಿಲ್ಲಿಸಿದ್ರೆ ಊರೇ ಸೇರೋ ಹಾಗೆ ಕಿರುಚ್ತೀನಿ, ನೋಡ್ತಿರಿ!"

ಮುಂದಿನ ವೃತ್ತದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಅವನು ಸೀಟ್‌ಬೆಲ್ಟ್ ಹಾಕಿರಲಿಲ್ಲ. ಈಗ ಅದಕ್ಕಾಗಿ ತಡಕಾಡಿದ.

"ಲೈಸೆನ್ಸ್."

ಅವನು ಬಾಯಿ ತೆರೆಯುವ ಮೊದಲೇ ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. "ಸರ್, ನಮ್ಮಮ್ಮ ಆಸ್ಪತ್ರೇಲಿದ್ದಾರೆ. ಈ ಮನುಷ್ಯನಿಗೆ ಮೊದಲೇ ದಾರಿ ಗೊತ್ತಿಲ್ಲ. ನೀವು ಬೇರೆ ಹಿಡ್ಕೊಂಡ್ರೆ ನನ್ನ ಗತಿ ಏನು?"

ಪೊಲೀಸಿನವನು ಅವನನ್ನು ಮರುಕದಿಂದ ನೋಡಿದ. "ಹೋಗಿ ಸಾರ್, ಹೋಗಿ. ನಮ್ಮ ಮನೇಲೂ ಇದೇ ಕಥೆ."

ಅವನು ಹೊರಟ. ಸಿಟ್ಟಿಗೆ ಕಾರೂ ಬೇಡ, ಏನೂ ಬೇಡ ಎನಿಸಿತ್ತು.

ಆಸ್ಪತ್ರೆಯ ಮುಂದೆ ಅವಳು ದಡಕ್ಕನೆ ಇಳಿದು ಮುಂದಿನ ಕಿಟಕಿಗೆ ಕೈ ಚಾಚಿದಳು. "ಕೀ ಕೊಡಿ." ಅವನು ತೆಪ್ಪಗೆ ಕೊಟ್ಟ.

ಮೆಟ್ಟಿಲ ಮೇಲಿಂದ ಅವಳ ಅಕ್ಕ ಕೂಗಿದಳು: "ಬಾರೇ ಬೇಗ, ಇನ್ನೂ ಒಳಗೆ ಕರ್ಕೊಂಡು ಹೋಗಿಲ್ಲ! ನಿನ್ನನ್ನೇ ಕೇಳ್ತಿದಾಳೆ!"

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಓಡುತ್ತಲೇ ಕಿವಿಗೆ ಹಿಡಿದಳು.

"ಸಿಗರೇಟು ಸೇದಿ ಮುಗೀತೇನ್ರೀ? ಕೀ ಅದರಲ್ಲೇ ಬಿಟ್ಟು ಹೋದ್ರಲ್ಲ, ಕಾರು ಕದ್ದವನಿಗೆ ಹಿಂದೆ ನಾನು ಮಲಗಿದ್ದು ಕಾಣಲಿಲ್ಲ. ಆದ್ರೂ ಪುಣ್ಯಾತ್ಮ, ನಿಮಗಿಂತ ಬೇಗ ತಂದು ಬಿಟ್ಟ!"