ಪಿಟೀಲಿನ ಕಮಾಂಡರ್

ನೋಟ್‌ಬುಕ್ಕನ್ನು ಇನ್ಸ್‌ಪೆಕ್ಟರರ ಮೇಜಿನ ಮೇಲಿಟ್ಟು ರತೀಶ್ ಎದೆ ಸೆಟೆಸಿ ನಿಂತ. ಪುಟಪುಟದಲ್ಲೂ ಗಂಗೊಳ್ಳಿಯ ದೋಣಿಗಳ ಹೆಸರು, ಹೊರಟ ಹೊತ್ತು, ಪಕ್ಕದಲ್ಲಿ ಐದೈದು ಗೆರೆ, ಗೆರೆಗಳ ಮೇಲೆ ಇರುವೆ ಹತ್ತಿದಂಥ ಚುಕ್ಕೆಗಳು. ಗೂಢಲಿಪಿಯೇ ಸೈ.

ಬರೆದವನು ಬೆಂಚಿನ ಮೇಲೆ ಕೂತಿದ್ದ. ವಾಲ್ಟರ್, ಎಪ್ಪತ್ತು ದಾಟಿದ ಅಮೆರಿಕನ್. ಅಲ್ಲಿನ ನೌಕಾಪಡೆಯಲ್ಲಿ ಕಮಾಂಡರ್ ಆಗಿದ್ದು, ಆಮೇಲೆ ಪಿಟೀಲಿನಲ್ಲಿ ಹೆಸರು ಮಾಡಿದವನು. ಎರಡು ತಿಂಗಳಿಂದ ಊರಿನ ಉಮಾವತಿಯವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ದಿನಾ ನಸುಕಿಗೆ ದೋಣಿ ಕಟ್ಟುವ ದಕ್ಕೆಗೆ ಬಂದು, ಕಣ್ಣು ಮುಚ್ಚಿ ಕೂತು, ಒಂದೊಂದು ದೋಣಿ ಹೊರಟಾಗಲೂ ಬರೆದುಕೊಳ್ಳುತ್ತಿದ್ದ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಊರು ಕಂಡಿಲ್ಲವೇ?

ಇದನ್ನೆಲ್ಲ ರತೀಶ್ ಸಹಿಸಿದ್ದ. ಈ ಬೆಳಿಗ್ಗೆಯದನ್ನು ಸಹಿಸಲಾಗಲಿಲ್ಲ. ತಮ್ಮ ಸುಧೀರ್ ನಾಲ್ವರನ್ನು ಕಟ್ಟಿಕೊಂಡು 'ಜಲದುರ್ಗಾ' ದೋಣಿಯಲ್ಲಿ ಹೊರಟಿದ್ದ. ಸಂಜೆಗೆ ಬಿರುಗಾಳಿಯ ಮುನ್ಸೂಚನೆಯಿತ್ತು. "ಗಾಳಿ ಏಳೂಕ್ ಮುಂಚೆ ಬತ್ತೆ, ಅಣ್ಣ" ಎಂದಿದ್ದ. ಅಷ್ಟರಲ್ಲಿ ಈ ಮುದುಕ ಓಡಿಬಂದು ದೋಣಿಯ ಹಗ್ಗ ಹಿಡಿದು, ತನಗೆ ಬರುವ ಒಂದೇ ಕನ್ನಡ ಪದವನ್ನು ಒದರತೊಡಗಿದ. "ಬೇಡ, ಬೇಡ."

ಹೊರಟ ದೋಣಿಯನ್ನು ಹಿಂದಿನಿಂದ ಕರೆಯುವುದೇ ಅಪಶಕುನ. 'ಬೇಡ' ಎನ್ನುವುದು ಶಾಪವೇ ಸರಿ. ರತೀಶ್ ಅವನ ಕೈ ಕಿತ್ತು, ಹಗ್ಗ ಬಿಚ್ಚಿ, ದೋಣಿಯನ್ನು ತಾನೇ ನೂಕಿ ಕಳಿಸಿದ್ದ.

"ಎಂತಕ್ಕೆ ಬೇಡ ಅಂದದ್ದ್ ಕೇಣಿ, ಸಾರ್," ರತೀಶ್ ಇನ್ಸ್‌ಪೆಕ್ಟರರಿಗೆ ಹೇಳಿದ.

ಇನ್ಸ್‌ಪೆಕ್ಟರ್ ಕೇಳಿದರು. ವಾಲ್ಟರ್ ಕಡಲಿನತ್ತ ಕೈ ತೋರಿಸುತ್ತ ಗಡಗಡನೆ ಹೇಳಿದ. ಆ ಮೂಗಿನ ಇಂಗ್ಲಿಷ್ ಠಾಣೆಯಲ್ಲಿ ಯಾರ ತಲೆಗೂ ಹತ್ತಲಿಲ್ಲ. ರತೀಶ್ ಸುಮ್ಮನೆ ಸುಧೀರನಿಗೆ ಫೋನ್ ಮಾಡಿದ. ಸಿಗಲಿಲ್ಲ. ಕಡಲೊಳಗೆ ಅದು ಮಾಮೂಲು.

ಸಂಜೆ ನಾಲ್ಕು ಗಂಟೆಗೆ ಸುದ್ದಿ ತಿಳಿದು ಬ್ರಹ್ಮಾವರದ ಕಾಲೇಜಿನಿಂದ ಉಮಾವತಿಯವರ ಮಗಳು ಪ್ರಣೀತಾ ಠಾಣೆಗೆ ಬಂದಳು. ವಾರಕ್ಕೊಮ್ಮೆ ಊರಿಗೆ ಬಂದಾಗ ವಾಲ್ಟರನಿಂದ ಪಿಟೀಲು ಕಲಿಯುವವಳು. ಹೊರಗೆ ತೆಂಗಿನ ಗರಿಗಳು ಬಡಿದಾಡತೊಡಗಿದ್ದವು. ಅವಳು ಪುಟ ತಿರುವಿದಳು.

"ರತೀಶಣ್ಣ, ಇದ್ ಸ್ವರ. ನಮ್ ದೋಣಿಗಳ ಇಂಜಿನ್ ಸ್ವರ."

ಪಾಶ್ಚಾತ್ಯ ಸಂಗೀತದಲ್ಲಿ ಸ್ವರವನ್ನು ಹೀಗೆ ಗೆರೆಗಳ ಮೇಲೆ ಚುಕ್ಕೆಯಿಟ್ಟೇ ಬರೆಯುವುದಂತೆ. ಜಲಾಂತರ್ಗಾಮಿಯೊಳಗೆ ಕೂತು, ಸದ್ದಿನಿಂದಲೇ ಹಡಗುಗಳ ಗುರುತು ಹಿಡಿಯುವುದು ವಾಲ್ಟರರ ಕೆಲಸವಾಗಿತ್ತಂತೆ. ಈಗ ಗಂಗೊಳ್ಳಿಯ ದೋಣಿಗಳ ಮೇಲೊಂದು ಸಂಗೀತ ಕಟ್ಟುತ್ತಿದ್ದರಂತೆ. ಉಳಿದ ದೋಣಿಗಳ ಚುಕ್ಕೆಗಳೆಲ್ಲ ದಿನಾ ಅದದೇ ಗೆರೆಯ ಮೇಲಿದ್ದವು. ಜಲದುರ್ಗಾದ್ದು ಮಾತ್ರ ನಾಲ್ಕು ದಿನದಿಂದ ಒಂದೊಂದೇ ಗೆರೆ ಕೆಳಗಿಳಿದಿತ್ತು; ಇಂಜಿನ್ನಿನ ಸ್ವರ ದಿನದಿನಕ್ಕೂ ಕುಗ್ಗುತ್ತ ಬಂದಿತ್ತು.

ನಿನ್ನೆಯ ಚುಕ್ಕೆಯ ಅಡಿಯಲ್ಲಿ ವಾಲ್ಟರ್ ಇಂಗ್ಲಿಷಿನಲ್ಲಿ ಬರೆದಿದ್ದ ಸಾಲನ್ನು ಪ್ರಣೀತಾ ಕನ್ನಡದಲ್ಲಿ ಓದಿದಳು: "ಇಂಜಿನ್ ಇನ್ನೊಂದು ದಿನ ಬಾಳದು, 'ಬೇಡ' ಅನ್ನುವುದನ್ನು ಕಲಿತಿದ್ದೇನೆ, ನಾಳೆ ಹೋಗಿ ಹೇಳುತ್ತೇನೆ."