ಎಡಗಡೆಯ ಪೆಡಲು

ಎಡಗಡೆಯ ಪೆಡಲು ಮಾಯವಾಗಿತ್ತು.

ಸತ್ಯಪ್ರಕಾಶ್ ಶೆಡ್ಡಿನ ನೆಲಕ್ಕೆ ಮೊಣಕಾಲೂರಿ ಬೆಂಚಿನಡಿ ಟಾರ್ಚ್ ಬಿಟ್ಟ. ಜೇಡರ ಬಲೆ, ಒಂದು ಹಳೇ ಸಾಕ್ಸು. ಅಷ್ಟೇ. ಹತ್ತಕ್ಕೆ ಆಫೀಸಿನ ಕಾಲ್ ಇದೆಯೆಂದು ಮನೆಯೊಳಗೆ ಹೋಗುವಾಗ ಪೆಡಲು ಇಲ್ಲೇ, ಬಟ್ಟೆಯ ಮೇಲೆ, ಎಣ್ಣೆ ಹಚ್ಚಿಸಿಕೊಂಡು ಕೂತಿತ್ತು. ಹನ್ನೊಂದಕ್ಕೆ ಬಂದರೆ ಇಲ್ಲ. ಹೋದ ವಾರ ಬೆಲ್ಲು. ಅದಕ್ಕೂ ಮೊದಲು ಸೀಟಿನ ಬೋಲ್ಟು. ಅವನಿಗೆ ಮೈಯೆಲ್ಲ ಉರಿದುಹೋಯಿತು.

ಐರ್ಲೆಂಡಿನ ಈ ಮೇನೂತ್ ಊರಿನಲ್ಲಿ ಲಾಕ್‌ಡೌನ್ ಬಂದಾಗ ಬೇರೆಯವರು ಬ್ರೆಡ್ ಮಾಡುವುದು ಕಲಿತರೆ ಈ ಮಹಾರಾಯ ಹಳೇ ಅಮೆರಿಕನ್ ಸೈಕಲ್ಲುಗಳಿಗೆ ಗಂಟುಬಿದ್ದಿದ್ದ. ಶೆಡ್ಡಿನಲ್ಲಿ ಅವನವೇ ಏಳಿದ್ದವು. ಎಂಟನೆಯದು ಪಕ್ಕದ ಮನೆಯ ಮಾರ್ಟಿನ್‌ನದು. ದಪ್ಪ ಟೈರು, ಕೆಂಪು ಬಣ್ಣ; ಹುಡುಗನಾಗಿದ್ದಾಗ ಶಿಕಾಗೋದ ಸೋದರತ್ತೆ ಹಡಗಿನಲ್ಲಿ ಕಳಿಸಿದ್ದು. ಈಗ ಮಾರ್ಟಿನ್‌ಗೆ ಎಂಬತ್ತೆರಡು. ಒಂಟಿ ಮುದುಕ, ಕೈಯಲ್ಲಿ ಕೋಲು. ಎರಡೂ ಹಿತ್ತಲುಗಳ ನಡುವಿನ ಪುಟ್ಟ ಗೇಟಿನಾಚೆ ಕುರ್ಚಿ ಹಾಕಿಕೊಂಡು, ತನ್ನ ಸೈಕಲ್ಲಿಗೆ ಜೀವ ಬರುವುದನ್ನು ದಿನವೂ ನೋಡುತ್ತಿದ್ದ.

ಸೋಮವಾರ ಅವನ ಮಗಳು ನೋರಾ ಗಾಲ್ವೇಯಿಂದ ಬಂದು ಅವನನ್ನು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋಗುವವಳಿದ್ದಳು. ಈ ಕಾಲದಲ್ಲಿ ಅಲ್ಲಿಗೆ ಹೋದವರನ್ನು ಕಿಟಕಿಯಾಚೆ ನಿಂತು ನೋಡಬೇಕಿತ್ತು. ಅದಕ್ಕೆ ಮೊದಲು ಮುದುಕ ಒಂದೇ ಒಂದು ಸಲ ಆ ಸೈಕಲ್ ಹತ್ತಬೇಕು. ಆಯುಧಪೂಜೆಯ ಹೊತ್ತಿಗೆ ಕೊಟ್ಟೇ ಕೊಡುತ್ತೇನೆ ಎಂದು ಸತ್ಯಪ್ರಕಾಶ್ ಮಾತು ಕೊಟ್ಟುಬಿಟ್ಟಿದ್ದ. ಪೂಜೆ ಭಾನುವಾರ. ಇವತ್ತಾಗಲೇ ಗುರುವಾರ.

ಇಲ್ಲಿನ ಅಂಗಡಿಯ ಪೆಡಲು ಅದಕ್ಕೆ ಕೂರುವುದಿಲ್ಲ. ಅಮೆರಿಕದವರ ಅಳತೆಯೇ ಬೇರೆ. ಅವನ ಏಳು ಸೈಕಲ್ಲುಗಳ ಪೆಡಲುಗಳೋ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು, ಬಿಚ್ಚಿ ಬರುತ್ತಿರಲಿಲ್ಲ. ಗೇಟಿನ ಹತ್ತಿರ ಹೋಗಿ ತಲೆ ಕೆರೆದುಕೊಳ್ಳುತ್ತ ವಿಷಯ ಹೇಳಿದ.

“ಅಲ್ಲಿಂದ ತರಿಸಿದರೆ ಎಷ್ಟು ದಿನ?” ಎಂದ ಮಾರ್ಟಿನ್.

“ಆರು ವಾರ.”

“ಆರು ವಾರ,” ಎಂದು ಮುದುಕ ಮೆಲ್ಲಗೆ ಹೇಳಿಕೊಂಡ. “ಗ್ರ್ಯಾಂಡ್, ಗ್ರ್ಯಾಂಡ್. ಪರವಾಗಿಲ್ಲ. ನನಗೇನು ಅವಸರ?”

ಒಂದು ಗೊಣಗಾಟವಿಲ್ಲ, ಬೇಸರವಿಲ್ಲ.

ಹಿಂದಿರುಗುವಾಗ ಶೆಡ್ಡಿನ ಮುಂದಿನ ಕೆಸರಿನಲ್ಲಿ ಸಾಲಾಗಿ ಸಣ್ಣ ದುಂಡನೆಯ ತೂತುಗಳು ಕಂಡವು. ಅವನ ಹೆಂಡತಿ ಶರ್ಮಿಳಾ ಈ ವಾರವೆಲ್ಲ ಕಡ್ಡಿಯಿಂದ ತೂತು ಮಾಡಿ ಬೆಳ್ಳುಳ್ಳಿ ನೆಡುತ್ತಿದ್ದಳು. ಬೆಲ್ಲು ಕಾಣೆಯಾದ ಹಿಂದಿನ ದಿನವಷ್ಟೇ ಅವಳು ರೇಗಿದ್ದಳು: “ಈ ಮನೇಲಿ ಒಂದೋ ನಾನಿರ್ಬೇಕು, ಇಲ್ಲಾ ನಿನ್ನ ತುಕ್ಕು ಹಿಡಿದ ಸವತೀರಿರ್ಬೇಕು!” ಇನ್ನೇನು ಬೇಕು ಸಾಕ್ಷಿ?

“ಪೆಡಲ್ ಎಲ್ಲಿಟ್ಟೆ?” ಅಡುಗೆಮನೆಗೆ ನುಗ್ಗಿ ಕೇಳಿದ.

“ಯಾವ ಪೆಡಲ್?”

“ನಾಟಕ ಬೇಡ. ಶೆಡ್ ಮುಂದೆ ನಿನ್ನ ಕಡ್ಡಿ ತೂತು ನೋಡ್ದೆ.”

“ಬೆಳ್ಳುಳ್ಳಿ ನೆಟ್ಟಿರೋದು ಮನೆ ಮುಂದ್ಗಡೆ ಕಣೋ!” ಶರ್ಮಿಳಾ ಸೌಟು ಕುಕ್ಕಿದಳು. “ಏಳು ಸೈಕಲ್ ಸಹಿಸ್ಕೊಂಡೋಳು ಒಂದು ಪೆಡಲ್ ಕದೀತೀನಾ? ಕದ್ರೆ ಎಲ್ಲಾನೂ ಕದ್ದು ಗುಜರಿಗೆ ಹಾಕ್ತಿದ್ದೆ.”

ಅವನು ನಂಬಲಿಲ್ಲ. ಎರಡು ದಿನ ಮನೆಯಲ್ಲಿ ಮಾತಿಲ್ಲ. ಅಕ್ಕಿ ಡಬ್ಬಕ್ಕೆ ಕೈಹಾಕಿ ನೋಡಿದ. ಅವಳ ಸೀರೆಗಳ ಸೂಟ್‌ಕೇಸ್ ತಡಕಿದ. ಕಾಲ್‌ನಲ್ಲಿದ್ದಾಗಲೂ ಎದ್ದೆದ್ದು ಕಿಟಕಿಗೆ ಹೋಗುತ್ತಿದ್ದ. ಮುದುಕನ ಮುಖ ನೋಡುವುದಂತೂ ಆಗುತ್ತಲೇ ಇರಲಿಲ್ಲ.

ಭಾನುವಾರ ಬಂತು. ಸಿಟ್ಟಿದ್ದರೂ ಪೂಜೆ ಬಿಡಲಾದೀತೇ? ಶರ್ಮಿಳಾ ಸ್ಪ್ಯಾನರು, ಸುತ್ತಿಗೆ, ಪಂಪುಗಳನ್ನೆಲ್ಲ ತೊಳೆದು ಮಣೆಯ ಮೇಲೆ ಜೋಡಿಸಿದಳು. ಲ್ಯಾಪ್‌ಟಾಪಿಗೂ ಅರಿಶಿನ ಕುಂಕುಮ ಬಿತ್ತು. ಒಂಟಿ ಪೆಡಲಿನ ಕೆಂಪು ಸೈಕಲ್ಲಿಗೆ ಅವಳೇ ಹೂವು ಮುಡಿಸಿದಳು.

ಹೋದ ವರ್ಷ ಇದನ್ನೆಲ್ಲ ನೋಡಿ ಮಾರ್ಟಿನ್ ತನ್ನ ಹತಾರಗಳನ್ನೂ ಪೂಜೆಗೆ ಕೊಟ್ಟಿದ್ದ, ಗಿಡ ಕತ್ತರಿಸುವ ಕತ್ತರಿಯೊಂದನ್ನು ಬಿಟ್ಟು. ಒಂದನ್ನೂ ಬಿಡಬಾರದು, ಬಿಟ್ಟದ್ದು ಮುನಿಸಿಕೊಳ್ಳುತ್ತದೆ ಎಂದು ಸತ್ಯಪ್ರಕಾಶ್ ತಮಾಷೆಗೆ ಹೇಳಿದ್ದ. ತಿಂಗಳೊಳಗೆ ಅದೇ ಕತ್ತರಿ ಮುದುಕನ ಹೆಬ್ಬೆರಳು ಸೀಳಿತ್ತು. ಅಂದಿನಿಂದ ಆಯುಧಪೂಜೆಯೆಂದರೆ ಮಾರ್ಟಿನ್‌ಗೆ ಭಯಭಕ್ತಿ.

ಈ ಸಲ ಅವನು ದೊಡ್ಡ ಬಿಸ್ಕತ್ತಿನ ಡಬ್ಬವೊಂದನ್ನು ಎತ್ತಲಾರದೆ ಎತ್ತಿ ತಂದು ಗೇಟಿನ ಮೇಲಿಂದ ಶರ್ಮಿಳಾಳ ಕೈಗಿಟ್ಟ.

“ಒಂದನ್ನೂ ಬಿಟ್ಟಿಲ್ಲ,” ಎಂದ. ಯಾರ ಮುಖವನ್ನೂ ನೋಡಲಿಲ್ಲ. ಕೆಸರಿನಲ್ಲಿ ಕೋಲೂರಿ ನಿಂತೇ ಇದ್ದ.

ಅಷ್ಟರಲ್ಲಿ ಅವನ ಮನೆಯ ಪಕ್ಕದ ಓಣಿಯಿಂದ ಮಾಸ್ಕ್ ಹಾಕಿದ ಹೆಂಗಸೊಬ್ಬಳು ಹಿತ್ತಲಿಗೆ ಬಂದಳು. ನೋರಾ. ಒಂದು ದಿನ ಮೊದಲೇ ಬಂದಿದ್ದಳು.

“ಸೈಕಲ್ ಮುಗಿಯಿತಾ?” ದೂರದಿಂದಲೇ ಕೇಳಿದಳು. “ಅದು ಮುಗಿದ ದಿನವೇ ಮನೆ ಬಿಟ್ಟು ಬರ್ತೀನಿ, ಅಲ್ಲಿಯವರೆಗೆ ಹೊರಗೆ ಕಾಲಿಡಲ್ಲ ಅಂತ ಅಪ್ಪ ಆಣೆ ಹಾಕಿದ್ದಾರೆ. ಆಶ್ರಮದವರು ಜಾಗ ಹಿಡಿದಿಟ್ಟು ಕಾಯ್ತಿದ್ದಾರೆ.”

ಸತ್ಯಪ್ರಕಾಶ್ ನಾಚಿಕೆಯಿಂದ ಬಾಯಿ ತೆರೆಯುವಷ್ಟರಲ್ಲಿ ಶರ್ಮಿಳಾ ಡಬ್ಬದ ಮುಚ್ಚಳ ತೆಗೆದಳು. ಕತ್ತರಿ, ಇಕ್ಕಳ, ಬೀಗದ ಕೈಗಳು. ಅವುಗಳ ಕೆಳಗೆ, ಇಸ್ತ್ರಿ ಮಾಡಿದ ಕರ್ಚೀಫಿನಲ್ಲಿ ಸುತ್ತಿಟ್ಟ ಒಂದು ಬೋಲ್ಟು, ಒಂದು ಬೆಲ್ಲು, ಎಡಗಡೆಯ ಪೆಡಲು.

ಶರ್ಮಿಳಾ ಗಂಡನನ್ನು ಒಮ್ಮೆ ದಿಟ್ಟಿಸಿದಳು. ಮೂರಕ್ಕೂ ಕುಂಕುಮವಿಟ್ಟು, ಮುಚ್ಚಳ ಬಿಗಿಯಾಗಿ ಒತ್ತಿ, ಡಬ್ಬವನ್ನು ಮುದುಕನ ಕೈಗೇ ವಾಪಸು ಕೊಟ್ಟು, ನೋರಾಳ ಕಡೆ ತಿರುಗಿದಳು.

“ಮೂರು ಸಾಮಾನು ಅಮೆರಿಕದಿಂದ ಬರ್ಬೇಕು,” ಎಂದಳು. “ಒಂದೊಂದಕ್ಕೂ ಆರಾರು ವಾರ.”