ಮೂರನೇ ಸಿಲಿಂಡರಿನ ಬಿಸಿಲು

ಎಡೆಯನ್ನು ಹಿತ್ತಲಿನ ಮಿಷನ್ ರೂಮಿನಲ್ಲೇ ಇಡಬೇಕೆಂದು ಓಬಳಮ್ಮ ಹಟ ಹಿಡಿದು ಕೂತರು. ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಅವರು ಬಂದು ಉಂಡು ಹೋಗುವ ತನಕ ಹೊರಗೆ ಕಾಯುವ ದಿನ. ಬಡವನಹಳ್ಳಿಯಲ್ಲಿ ಮಿಕ್ಕವರೆಲ್ಲ ನಡುಮನೆಯಲ್ಲೇ ಎಡೆ ಇಡುತ್ತಾರೆ.

"ನಡುಮನೇಲಿ ಮಡಗಿದ್ರೆ ನಿಮ್ಮಪ್ಪ ಬರಾಕಿಲ್ಲ ಕಣಮ್ಮ. ಬದುಕಿದ್ದಾಗ್ಲೇ ಮೂರು ಸಲ ಕೂಗಿದ್ರೂ ಆ ರೂಮು ಬುಟ್ಟು ಊಟಕ್ಕೆ ಬತ್ತಿರ್ಲಿಲ್ಲ. ಈಗ ಬತ್ತಾರಾ?"

ಮಗಳಿಗೆ ಹೇಳಿದ ಮಾತೇನೋ ನಿಜವೇ. ಗಂಡ ಜಯರಾಮಯ್ಯ ಮೂವತ್ತು ವರ್ಷ ಲೈನ್‌ಮನ್ ಆಗಿದ್ದವರು. ಕರೆಂಟು ಹೋದಾಗಲೆಲ್ಲ ಇಡೀ ಹೋಬಳಿಯ ಬೈಗುಳಕ್ಕೆ ತಲೆಕೊಟ್ಟು ಸಾಕಾಗಿದ್ದವರು. ನಿವೃತ್ತಿಯಾದ ಮೇಲೆ ಯಾವುದೋ ಕಾಲೇಜಿನವರು ಪ್ರಯೋಗಕ್ಕೊಂದು ಮನೆ ಹುಡುಕಿಕೊಂಡು ಬಂದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿದರು. ಮಾಳಿಗೆಯ ಮೇಲೆ ಸೋಲಾರ್ ಬಂತು, ಹಿತ್ತಲ ರೂಮಿಗೆ ಯಂತ್ರವೂ ಮೂರು ಸಿಲಿಂಡರೂ ಬಂದವು. ಬಿಸಿಲಿನ ದಿನ ಮಿಕ್ಕ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತುಂಬಿಡುವುದು, ಮೋಡದ ದಿನ ಆ ಗ್ಯಾಸಿನಿಂದ ಮತ್ತೆ ಕರೆಂಟು ತೆಗೆಯುವುದು. ಆಗ ಒಡೆದ ನೀರು ಮತ್ತೆ ನೀರಾಗಿ ಯಂತ್ರದ ಕೊಳವೆಯಿಂದ ತೊಟ್ಟಿಕ್ಕುತ್ತಿತ್ತು. "ಬಿಸಿಲು ಹಾಲಿದ್ದಂಗೆ ಕಣೇ, ಹೆಪ್ಪು ಹಾಕಿ ಮಡಗ್ಕಬೇಕು" ಎನ್ನುತ್ತಿದ್ದರು ಜಯರಾಮಯ್ಯ.

ಮೂರನೇ ಸಿಲಿಂಡರನ್ನು ಅವರು ತುಂಬಿಸಿದ್ದು ಚೈತ್ರದ ಬಿಸಿಲಿನಲ್ಲಿ. ತಿರುಪನ್ನು ಬಿಗಿದು, ಕೈ ಒರೆಸಿಕೊಂಡ ಟವಲನ್ನು ಅದಕ್ಕೇ ಸಿಕ್ಕಿಸಿ ಮಲಗಲು ಹೋದವರು ಬೆಳಗ್ಗೆ ಏಳಲೇ ಇಲ್ಲ. ಅವತ್ತಿನಿಂದ ಓಬಳಮ್ಮ ಆ ಟವಲನ್ನು ಯಾರಿಗೂ ಮುಟ್ಟಗೊಟ್ಟಿಲ್ಲ. ಒಳಗಿರುವುದು ಗಂಡ ಬದುಕಿದ್ದ ದಿನಗಳ ಬಿಸಿಲು, ಅದು ಖರ್ಚಾದರೆ ಆ ದಿನಗಳೂ ಮುಗಿದಂತೆ ಎಂದು ಅವರ ನಂಬಿಕೆ. ಮಧ್ಯಾಹ್ನದ ಹೊತ್ತು ಸಿಲಿಂಡರಿಗೆ ಒರಗಿ ಕೂತರೆ ಬೆನ್ನು ಬೆಚ್ಚಗಾಗುತ್ತದೆ ಎಂದೂ ಹೇಳುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಗಳು ಯಶಸ್ವಿನಿ ಅದನ್ನು ತಿದ್ದಲು ಹೋಗುತ್ತಿರಲಿಲ್ಲ.

ಈಗ ಉತ್ತರೆ ಮಳೆ ಹಿಡಿದು ನಾಲ್ಕು ದಿನ. ಸೂರ್ಯನ ಮುಖವಿಲ್ಲ, ಊರಿನ ಲೈನೂ ಬಿದ್ದಿದೆ, ಎರಡು ಸಿಲಿಂಡರೂ ಬರಿದಾಗಿವೆ. ವಡೆ ಹಿಟ್ಟನ್ನು ಒರಳಿನಲ್ಲಿ ರುಬ್ಬಿದ್ದಾಯಿತು.

"ಮಿಷನ್ ರೂಮಲ್ಲಿ ದೀಪ ಹಚ್ಚೋ ಹಂಗಿಲ್ಲಮ್ಮ, ಗ್ಯಾಸು. ಅಪ್ಪ ಬೀಡಿ ಬಿಟ್ಟಿದ್ದು ಅದಕ್ಕೇ ಅಲ್ವಾ?" ಎಂದಳು ಯಶಸ್ವಿನಿ.

"ದೀಪ ಇಲ್ದೆ ಎಡೆ ಮಡಗಾಕಾಯ್ತದಾ? ಊರಿಗೆಲ್ಲಾ ಬೆಳಕು ಕೊಟ್ಟೋರಿಗೆ, ಕತ್ತಲಾಗೆ ಉಣ್ಣಿ ಅನ್ಲಾ?"

"ಹಂಗಾದ್ರೆ ಬಲ್ಬೇ ದೀಪ. ಮೂರನೇದು ತೆಗೀಬೇಕು."

ಓಬಳಮ್ಮ ಮುಖ ತಿರುಗಿಸಿದರು. ಮಗಳು ಅವರ ಕೈಹಿಡಿದು ರೂಮಿಗೆ ಕರೆದೊಯ್ದು ಸಿಲಿಂಡರಿನ ಮೀಟರು ತೋರಿಸಿದಳು. "ಅಪ್ಪ ಬಿಗಿದಾಗ ಈ ಮುಳ್ಳು ಮೂವತ್ತರಲ್ಲಿತ್ತು. ಈಗ ನೋಡು, ಇಪ್ಪತ್ತೊಂದು. ಯಾರೂ ಮುಟ್ಟಿಲ್ಲ. ಎಷ್ಟು ಬಿಗಿದ್ರೂ ಇದು ಸಂದೀಲಿ ನುಸುಳಿ, ಆ ಜಾಲಂಧ್ರದಿಂದ ಆಕಾಶಕ್ಕೆ ಹೋಗ್ತಾನೇ ಇರುತ್ತಮ್ಮ. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಓಬಳಮ್ಮ ಮುಳ್ಳನ್ನೇ ನೋಡುತ್ತ ನಿಂತರು. "ಹೆಪ್ಪು ಹಾಕಿದ್ ಮೊಸರೂ ಶಾನೆ ದಿನ ಮಡಗಿದ್ರೆ ಹುಳಿಯಾಯ್ತದೆ" ಎಂದು ತಮಗೆ ತಾವೇ ಹೇಳಿಕೊಂಡರು. ಟವಲನ್ನು ಬಿಡಿಸಿ, ಮೂಗಿಗೆ ಹಿಡಿದು, ಹೆಗಲ ಮೇಲೆ ಹಾಕಿಕೊಂಡರು. "ತಿರುಗ್ಸು. ಬಲ್ಬೊಂದೇ ಅಲ್ಲ, ಫ್ಯಾನು, ಫ್ರಿಜ್ಜು, ಮೋಟ್ರು ಎಲ್ಲಾ ಹಾಕು. ಹಬ್ಬದ ದಿನ ಲೈನ್‌ಮನ್ ಮನೆ ಅಂದ್ರೆ ಹೆಂಗಿರಬೇಕು!"

ಮೋಡ ಕವಿದ ಆ ಮಧ್ಯಾಹ್ನ, ಐದು ತಿಂಗಳ ಹಿಂದಿನ ಬಿಸಿಲು ರೂಮಿನ ತುಂಬ ಹರಡಿತು. ಓಬಳಮ್ಮನಿಗೆ ಎಲ್ಲಿಂದಲೋ ಬೇವಿನ ಹೂವಿನ ವಾಸನೆ ಬಂದಂತಾಯಿತು. ಇಕ್ಕಟ್ಟಿನ ರೂಮು, ಎಲೆಯನ್ನು ಯಂತ್ರದ ಬುಡಕ್ಕೇ ಒತ್ತಿ ಹಾಸಬೇಕಾಯಿತು. ವಡೆ, ಪಾಯಸ, ಹುರುಳಿಕಾಳಿನ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಬೆಂಕಿಪೊಟ್ಟಣ ಮಾತ್ರ ಇಡಲಿಲ್ಲ. ಯಂತ್ರಕ್ಕೆ ತಾಗಿದಂತೆ ಅವರ ಹಿತ್ತಾಳೆ ಲೋಟ. ಕೈಮುಗಿದು, ಬಾಗಿಲು ಮುಚ್ಚಿ, ತಾಯಿ ಮಗಳು ಹೊರಗೆ ಕಟ್ಟೆಯ ಮೇಲೆ ಕೂತರು.

ಸ್ವಲ್ಪ ಹೊತ್ತಿಗೆ ಓಬಳಮ್ಮ ತಟ್ಟನೆ ಎದ್ದರು. "ಅಯ್ಯೋ, ಲೋಟ ಮಡಗ್ದೆ, ನೀರು ಹುಯ್ಯೋದ ಮರ್ತೆ!"

ಮೂವತ್ತೈದು ವರ್ಷದ ಸಂಸಾರದಲ್ಲಿ ಅವರಿಬ್ಬರಿಗೂ ಇದೊಂದೇ ಜಗಳ. ಊಟಕ್ಕೆ ಕೂತ ಗಂಡನ ಮುಂದೆ ನೀರಿಡುವುದನ್ನು ಓಬಳಮ್ಮ ದಿನಾ ಮರೆಯುವರು. "ನೀರೆಲ್ಲೇ?" ಎಂದು ಗೊಣಗಿ ಜಯರಾಮಯ್ಯ ತಾವೇ ಎದ್ದು ಹೋಗಿ ತುಂಬಿಕೊಳ್ಳುವರು. ಮುಚ್ಚಿದ ಬಾಗಿಲನ್ನು ನಡುವೆ ತೆಗೆಯುವಂತಿಲ್ಲ. "ಇವತ್ತೊಂದ್ ದಿನಾನಾದ್ರೂ ನೆಪ್ಪಾಗಬಾರದಿತ್ತಾ ನಂಗೆ" ಎಂದು ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮಗಳು ಬೆನ್ನು ಸವರುತ್ತ ಕೂತಳು. ನಾಲ್ಕು ದಿನದಿಂದ ಸುಮ್ಮನಿದ್ದ ಮೋಟರು ಗುಂಯ್ ಎನ್ನುತ್ತಿತ್ತು.

ಗಂಟೆ ಕಳೆದ ಮೇಲೆ ಮೂರು ಸಲ ಚಪ್ಪಾಳೆ ತಟ್ಟಿ ಬಾಗಿಲು ತೆಗೆದರು. ಬಲ್ಬು ಉರಿಯುತ್ತಿತ್ತು. ಎಲೆಯ ಮೇಲಿನ ವಡೆ ಇಟ್ಟಂತೆಯೇ ಇತ್ತು. ಹಿತ್ತಾಳೆ ಲೋಟ ಮಾತ್ರ ಕಂಠಮಟ್ಟ ತುಂಬಿ, ತಿಳಿನೀರಿನಲ್ಲಿ ಬೆಳಕು ಅಲುಗುತ್ತಿತ್ತು. ಯಶಸ್ವಿನಿ ಲೋಟದ ಮೇಲಿದ್ದ ಕೊಳವೆಯನ್ನು ನೋಡಿ ಏನೋ ಹೇಳಲು ಹೋದವಳು, ಅಮ್ಮನ ಮುಖ ನೋಡಿ ಸುಮ್ಮನಾದಳು.

ಓಬಳಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ನೋಡಮ್ಮ ನಿಮ್ಮಪ್ಪನ್ನ. ಇವತ್ತೂ ಗೊಣಗ್ಕಂಡು, ತಾವೇ ಎದ್ದು ತುಂಬಿಸ್ಕಂಡವ್ರೆ."